ಚಾ ಒಯ್ಯುವ ಪಾಳಿ

ಪರಸವ್ವನಿಗೆ ಶೆಡ್ಡಿನಲ್ಲಿ ನೀರು ಕುಡಿಯಲು ಲೋಟ ಇರಲಿಲ್ಲ.

ಉಳಿದ ಹತ್ತು ಹೆಂಗಸರಿಗೆ ಎರಡು ಸ್ಟೀಲ್ ಲೋಟಗಳಿದ್ದವು. ಅವು ಕೈಯಿಂದ ಕೈಗೆ ದಾಟುತ್ತ ಪರಸವ್ವನ ತನಕ ಬಂದು, ಅಲ್ಲಿಂದ ಹಿಂದಿರುಗಿ ಕೊಡದ ಮುಚ್ಚಳದ ಮೇಲೆ ಕೂರುತ್ತಿದ್ದವು. ಅವಳು ಬೊಗಸೆ ಒಡ್ಡಬೇಕು. ಕೂಲಿ ಗ್ಯಾಂಗಿನ ಮುಂದಾಳು ಬೋರವ್ವ ಮೇಲಿನಿಂದ ಸುರಿಯಬೇಕು.

“ಕೈ ಇನ್ನಷ್ಟ ಕೆಳಗ ಹಿಡಿ ಬೇ. ಸಿಡಿತೈತಿ.”

“ಸಿಡದ್ರ ಏನಾಗತೈತಿ ಯಕ್ಕಾ? ನೀರಿಗೂ ರೋಗ ಹತ್ತತೈತೇನು?”

“ನನಗೇನ ಗೊತ್ತವಾ. ಸ್ಟೇಷನ್ ರೋಡಿನ್ಯಾಗ ಯಾವ್ಯಾವ ಊರ ಗಂಡಸರ ಎಂಜಲಾ ತಿಂದ ಬಂದೀಯೋ.”

“ನಿಮ್ಮೂರಾವ್ರೂ ಬರತಿದ್ರು ತಗೋ.”

ನಗಲು ತೆರೆದಿದ್ದ ಬಾಯಿಗಳು ಮುಚ್ಚಿಕೊಂಡವು. ಆ ಹೆಂಗಸರೆಲ್ಲ ಕಳ್ಳಕವಟಗಿಯಿಂದ ಟಂಟಂ ಆಟೋದಲ್ಲಿ ಬರುವವರು. ಅವರ ಗಂಡಂದಿರು ಸಂತೆ, ಕೋರ್ಟು, ದವಾಖಾನೆ ಎಂದು ಆಗಾಗ ವಿಜಯಪುರಕ್ಕೆ ಹೋಗಿಬರುವವರು. ಬೋರವ್ವ ಉಳಿದ ನೀರನ್ನು ಪರಸವ್ವನ ಕಾಲ ಬಳಿ ಚೆಲ್ಲಿ ಕೊಡ ಎತ್ತಿಕೊಂಡು ಹೋದಳು.

ಜಾತಿಯ ಕಾರಣಕ್ಕೆ ಲೋಟ ಕೊಡುತ್ತಿಲ್ಲ ಎಂದು ಪರಸವ್ವ ಮೊದಮೊದಲು ತಿಳಿದಿದ್ದಳು. ಹಿಂದಿನ ದಂಧೆಯ ಕಾರಣಕ್ಕೆ ಕೊಡುತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು. ಎರಡಕ್ಕೂ ಬೊಗಸೆ ಒಂದೇ.

ಅದು ತಿಕೋಟಾ ಮತ್ತು ಬಬಲೇಶ್ವರದ ನಡುವೆ, ಹೊಲದ ಬದುವಿಗೆ ಅಮರಪ್ಪ ಸಾವ್ಕಾರ ಹಾಕಿಸಿದ ಮಣೂಕದ ಶೆಡ್ಡು. ಮೇಲೆ ತಗಡು, ಒಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳು, ಸುತ್ತ ಗಾಳಿ. ದ್ರಾಕ್ಷಿಯನ್ನು ಎಣ್ಣೆನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರಡಿದರೆ ಎರಡು ವಾರದಲ್ಲಿ ಒಣಗಿ ಮಣೂಕವಾಗುತ್ತದೆ. ಅದ್ದುವ ಕೆಲಸ ಪರಸವ್ವನಿಗೆ. ಆ ನೀರು ಬೆರಳ ಸಂದಿಯ ಚರ್ಮ ಸುಲಿಯುತ್ತಿತ್ತು. ರಬ್ಬರ್ ಕೈಗವಸು ಕೇಳಿದಾಗ ಶೆಡ್ಡಿನ ಉಸ್ತುವಾರಿ ಸಂಗು, “ಮೆಹಂದಿ ಹಚ್ಚಸ್ಲೇನು?” ಎಂದಿದ್ದ.

ಅವಳು ಇಲ್ಲಿಗೆ ಬಂದದ್ದು ಈ ಹಂಗಾಮಿನ ಕೊಯ್ಲು ಶುರುವಾದಾಗ. ಅದಕ್ಕೂ ಮೊದಲು ತೊರವಿ ಕಡೆಯ ಒಂದು ಸುಧಾರಣಾ ಮನೆಯಲ್ಲಿದ್ದಳು. ಅದಕ್ಕೂ ಮೊದಲು ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯ ಒಂದು ಲಾಡ್ಜಿನಲ್ಲಿ. ಅದಕ್ಕೂ ಮೊದಲು, ಹರೆಯದಲ್ಲಿ, ಗಂಡನ ಜೊತೆ ಕಬ್ಬು ಕಡಿಯುವ ಟೋಳಿಯಲ್ಲಿ. ಟೋಳಿಗೆ ಜನ ಕೂಡಿಸುವ ಮುಕಾದಮ ಅವಳನ್ನು ಕಬ್ಬಿನ ಸಾಲಿನೊಳಗೆ ಕರೆದಾಗ ಗಂಡ ಆಚೆ ತಿರುಗಿ ಬೀಡಿ ಹಚ್ಚಿದ್ದ. ಅವಳು ಗಂಡನನ್ನು ಬಿಟ್ಟಳು. ಲಾಡ್ಜಿನಲ್ಲಿ ಮೊದಲ ಸಲ ಕೈಗೆ ರೊಕ್ಕ ಬಂದಾಗ ಅವಳು ಅಳಲಿಲ್ಲ. ಇದಕ್ಕೆ ರೊಕ್ಕ ಕೊಡುತ್ತಾರೆ ಎಂಬುದೇ ಅವಳಿಗೆ ಸೋಜಿಗವಾಗಿತ್ತು.

ಪೊಲೀಸರು ಬಂದ ದಿನ ಗಿರಾಕಿಗಳು ಹಿಂದಿನ ಬಾಗಿಲಿನಿಂದ ಹೋದರು. ಹೆಂಗಸರನ್ನು ಮುಂದಿನ ಬಾಗಿಲಿನಿಂದ ಇಳಿಸಿದರು. ಸುಧಾರಣಾ ಮನೆಯಲ್ಲಿ ಹೊತ್ತಿಗೆ ಊಟವಿತ್ತು, ಹೊಲಿಗೆ ಯಂತ್ರವಿತ್ತು, ಹೊರಗಿನಿಂದ ಹಾಕಿದ ಬೀಗವಿತ್ತು. ಮರ್ಯಾದಸ್ಥರು ಯಾರಾದರೂ ಕೆಲಸ ಕೊಟ್ಟು ಜಾಮೀನು ನಿಂತರೆ ಬಿಡುತ್ತಿದ್ದರು. ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಮತ್ತೆ ಬೀಗದೊಳಗೆ. ಅಮರಪ್ಪ ಸಾವ್ಕಾರ ಬಂದ. ಸಾಲಾಗಿ ನಿಂತ ಹೆಂಗಸರಲ್ಲಿ ಅವನ ಬೆರಳು ಪರಸವ್ವನನ್ನು ತೋರಿಸಿತು. ಅವನು ಹಾಗೆ ಬೆರಳು ತೋರಿಸುವುದನ್ನು ಅವಳು ಲಾಡ್ಜಿನಲ್ಲೂ ನೋಡಿದ್ದಳು.

“ಪರಸೀ, ಸಾವ್ಕಾರ್ರಿಗೆ ಚಾ ಒಯ್ಯಿ!” ಸಂಗು ಕೂಗಿದ.

ಶೆಡ್ಡಿನ ತುದಿಗೆ ಸಾವ್ಕಾರನ ಖೋಲಿ. ಅಲ್ಲಿ ಕೂಲರು, ಮಂಚ, ಗೋಡೆಗೆ ದೇವರ ಫೋಟೋ. ಚಾ ಒಯ್ಯುವುದೆಂದರೆ ಏನೆಂದು ಹನ್ನೊಂದು ಹೆಂಗಸರಿಗೂ ಗೊತ್ತಿತ್ತು. ತುಂಬಿ ಹೋದ ಕಪ್ಪು ತಣ್ಣಗಾಗಿ, ಕೆನೆ ಕಟ್ಟಿ, ತುಂಬಿಯೇ ಹಿಂದೆ ಬರುತ್ತಿತ್ತು.

“ಬಾಗಲಾ ಮುಚ್ಚು,” ಎಂದ ಅಮರಪ್ಪ.

“ಸಾವ್ಕಾರ್ರ, ಒಂದ ಮಾತ ಐತ್ರಿ.”

“ಹೇಳ.”

“ಲಾಡ್ಜಿಗೆ ಬಂದಾಗ ರೊಕ್ಕಾ ಕೊಡತಿದ್ರಿ. ಚೌಕಾಸಿ ಮಾಡತಿದ್ರಿ ಖರೆ, ಆದ್ರ ಕೊಡತಿದ್ರಿ. ಇಲ್ಲಿಗೆ ಬಂದಮ್ಯಾಲ ಒಂದ ಪೈಸಾ ಇಲ್ಲ.”

ಅಮರಪ್ಪನಿಗೆ ನಿಜಕ್ಕೂ ನೋವಾದಂತೆ ಕಂಡಿತು.

“ಥೂ ನಿನ. ಇಷ್ಟ ಮಾಡಿದ್ರೂ ನಿನ್ನ ಹಳೇ ಬುದ್ಧಿ ಹೋಗಲಿಲ್ಲ ನೋಡ. ಆಗ ನೀ ಸೂಳಿ ಇದ್ದಿ, ರೊಕ್ಕಾ ಕೊಟ್ಟೆ. ಈಗ ಮರ್ಯಾದಿಲೆ ದುಡದ ತಿನ್ನಾಕಿ. ಮರ್ಯಾದಸ್ಥ ಹೆಣಮಗಳಿಗೆ ಇದಕ್ಕ ರೊಕ್ಕಾ ಕೊಟ್ರ ಆಕಿಗೆ ಅವಮಾನ ಮಾಡಿದಂಗ ಅಲ್ಲೇನ ಬೇ?”

“ಹಂಗಾರ ಬ್ಯಾಡ್ರಿ. ಮರ್ಯಾದಸ್ಥಾಕಿ ಆದ್ರ ವಲ್ಲೆ ಅಂತಾಳ್ರಿ.”

ಅವನು ಮಂಚದ ಮೇಲಿದ್ದ ಮೊಬೈಲ್ ಎತ್ತಿಕೊಂಡ. “ವಿಜಯಲಕ್ಷ್ಮೀ ಮೇಡಂಗ ಫೋನ್ ಹಚ್ಚಲೇನು? ಪರಸವ್ವ ದಗದಾ ವಲ್ಲೆ ಅನ್ನಾಕತ್ತಾಳ, ಬಂದ ಕರಕೊಂಡ ಹೋಗ್ರಿ ಅಂತ?”

ಪರಸವ್ವ ಬಾಗಿಲು ಮುಚ್ಚಿದಳು.

ಹೊರಗೆ ಬಂದು ತಣ್ಣನೆಯ ಚಾವನ್ನು ಮಣ್ಣಿಗೆ ಚೆಲ್ಲುವಾಗ ಬೋರವ್ವ ಬಲೆಯ ಮರೆಯಿಂದ ಕೇಳಿದಳು, “ಸಕ್ಕರಿ ಬರೋಬರಿ ಆಗಿತ್ತೇನವಾ?” ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ವಿಜಯಲಕ್ಷ್ಮೀ ಮೇಡಂ ಫೋನ್ ಮಾಡಿಸಿಕೊಳ್ಳದೆಯೇ ಬಂದರು. ಸುಧಾರಣಾ ಮನೆ ನೋಡಿಕೊಳ್ಳುವವರು ಅವರೇ. ಕಾರಿನಲ್ಲಿ ಒಬ್ಬ ಕ್ಯಾಮೆರಾದವನಿದ್ದ, ಒಂದು ಶಾಲು ಇತ್ತು. ಶಾಲು ಅಮರಪ್ಪನಿಗೆ. ಅಮರಪ್ಪ ಮೊದಲೇ ತರಿಸಿಟ್ಟಿದ್ದ ಸೀರೆ ಪರಸವ್ವನಿಗೆ.

“ಕಾಲ ಮುಟ್ಟ ಯವ್ವಾ, ಫೋಟೋ ಚಲೋ ಬರತೈತಿ,” ಎಂದ ಕ್ಯಾಮೆರಾದವನು.

ಮುಟ್ಟಿದಳು. ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಮುಟ್ಟಿಸಿದ. ಬಲೆಯ ಹಿಂದೆ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಮೇಡಂ ಕೆಟ್ಟವರಲ್ಲ. ಅವರು ಪರಸವ್ವನ ಕೈ ಹಿಡಿದುಕೊಂಡರು, ಸುಲಿದ ಬೆರಳು ನೋಡಿ ಮುಲಾಮು ಕಳಿಸುತ್ತೇನೆ ಎಂದರು. “ಈಗ ಮನಸಿಗೆ ಹಗುರ ಅನಸ್ತೈತಿಲ್ಲ ಪರಸವ್ವಾ?”

“ಮೇಡಂ, ನನಗ ಬ್ಯಾರೆ ಕಡೆ ದಗದಾ ಹಚ್ಚಿ ಕೊಡ್ರಿ.”

“ಯಾಕ? ಇಲ್ಲಿ ಪಗಾರ ಕಡಿಮಿ ಐತೇನು?”

ಅಮರಪ್ಪ ಶಾಲು ಹೊದ್ದುಕೊಂಡು ಎರಡು ಮಾರು ದೂರ ನಿಂತಿದ್ದ.

“ಏನಿಲ್ರಿ. ಹಂಗ ಅಂದೆ.”

“ನೋಡ, ಹಳೇ ಚಟ ಬಿಡೂದು ಕಷ್ಟ ಆಗತೈತಿ. ಆರಾಮ ರೊಕ್ಕದ ರುಚಿ ಅದು. ಆದ್ರ ದುಡದ ತಿನ್ನೂದರಾಗ ಇರೂ ಸುಖಾನ ಬ್ಯಾರೆ. ಕ್ಯಾಮೆರಾದಾಗ ಇದನ್ನ ಒಂದ ಮಾತ ಹೇಳ. ಮೊದಲ ಹಂಗಿದ್ದೆ, ಈಗ ದುಡದ ತಿನ್ನಾಕತ್ತೇನಿ ಅಂತ.”

ಕ್ಯಾಮೆರಾದ ಕೆಂಪು ದೀಪ ಹತ್ತಿತು.

“ಮೊದಲೂ ದುಡದ ತಿಂದೇನ್ರಿ ಮೇಡಂ,” ಎಂದಳು ಪರಸವ್ವ. “ಆರಾಮ ಅಂತೂ ಇರಲಿಲ್ರಿ.”

“ಅಷ್ಟ ಕಟ್ ಮಾಡು,” ಎಂದರು ಮೇಡಂ.

ಮರುದಿನ ಬೆಳಿಗ್ಗೆಯೇ ಸೆಕೆ ಹೆಚ್ಚಿತ್ತು. ಮಾರ್ಚ್ ಮುಗಿಯುತ್ತ ಬಂದಿತ್ತು. ಊಟಕ್ಕೆ ಮುಂಚೆ ಸಂಗು ಬಂದು ಪರಸವ್ವನ ಕಡೆ ನೋಡದೆ ಬೋರವ್ವನ ಎದುರು ನಿಂತ.

“ಇವತ್ತ ಚಾ ಕಸ್ತೂರಿ ಒಯ್ಯಲಿ.”

ಕಸ್ತೂರಿ ಬೋರವ್ವನ ಮಗಳು. ಹದಿನೆಂಟು ತುಂಬಿತ್ತು. ಯುಗಾದಿ ಆದ ಮೇಲೆ ಲಗ್ನ. ಗಂಡು ಟ್ರ್ಯಾಕ್ಟರ್ ಓಡಿಸುವವನು. ಲಗ್ನದ ಸೀರೆಗೆಂದು ಅವಳೂ ಈ ಹಂಗಾಮಿಗೆ ಅವ್ವನ ಜೊತೆ ಬಂದಿದ್ದಳು.

“ಆಕಿಗೆ ಚಾ ಮಾಡಾಕ ಬರಂಗಿಲ್ಲೋ ಸಂಗು,” ಎಂದಳು ಬೋರವ್ವ.

“ಮಾಡಾಕ ನಾ ಅದೇನಿ. ಒಯ್ಯೂದ ಅಷ್ಟ.”

“ತಾ, ನಾ ಒಯ್ತೀನಿ.”

“ನಿನ್ನ ಮಾರಿ ನೋಡಿದ್ರ ಹಾಲ ಒಡಿತಾವ ಮುದಕಿ.” ಅವನು ನಕ್ಕ, ಆಮೇಲೆ ದನಿ ತಗ್ಗಿಸಿದ. “ನೋಡ, ನಾ ಸಾವ್ಕಾರ್ರ ಹೇಳಿ ಕಳಿಸಿದ ಮಾತ ಹೇಳಾವ. ಊಟಾ ಆದಮ್ಯಾಲ ಆಕಿ ಬರಲಿಲ್ಲಂದ್ರ ನಾಳಿಂದ ಇಡೀ ಗ್ಯಾಂಗ್ ಬರೂದ ಬ್ಯಾಡ ಅಂದಾರ. ಹಿಂದಿನ ಪಗಾರಾನೂ ಇಲ್ಲ. ನಿಮ್ಮಂಥಾ ಹತ್ತ ಗ್ಯಾಂಗ್ ಸಿಗತಾವ.”

ಊಟದ ಹೊತ್ತಿಗೆ ಯಾರೂ ಬುತ್ತಿ ಸರಿಯಾಗಿ ಬಿಚ್ಚಲಿಲ್ಲ. ಪರಸವ್ವ ಎಂದಿನಂತೆ ದೂರ, ದ್ರಾಕ್ಷಿ ಕ್ರೇಟಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಬೋರವ್ವ ಎದ್ದು ಬಂದಳು. ಹಿಂದೆ ಉಳಿದವರೂ ಬಂದರು. ಬೋರವ್ವನ ಕೈಯಲ್ಲಿ ಸ್ಟೀಲ್ ಲೋಟವಿತ್ತು, ತುಂಬ ನೀರಿತ್ತು.

“ತಗೋ ಯವ್ವಾ. ಕುಡಿ.”

ಪರಸವ್ವ ಲೋಟ ನೋಡಿದಳು. “ಎಂಜಲಾಗತೈತಿ ಯಕ್ಕಾ.”

“ಆಗಲಿ ಬಿಡ.” ಬೋರವ್ವ ಕುಕ್ಕರುಗಾಲಿನಲ್ಲಿ ಅವಳ ಎದುರು ಕೂತಳು. “ನೀ ಹೋಗ ನನ್ನವ್ವಾ. ಆಕಿ ಬದಲಿ ನೀ ಹೋಗ. ಹೆಂಗರ ಮಾಡಿ ಅವನ ಸಮಾಧಾನ ಮಾಡ. ನಿನಗೇನ ಹೊಸಾದ? ನನ್ನ ಮಗಳ ಬಾಳೆ ಹಾಳಾಗತೈತಿ.”

“ನಿನಗ ರೂಢಿ ಐತಲ್ಲ,” ಎಂದಳು ಒಬ್ಬಳು.

“ಪುಣ್ಯಾ ಬರತೈತಿ ಯವ್ವಾ ನಿನಗ,” ಎಂದಳು ಇನ್ನೊಬ್ಬಳು.

“ಖರೆ ಹೇಳಬೇಕಂದ್ರ, ನಿನ್ನಂಥಾವ್ರ ಇದ್ದದ್ದಕ್ಕ ನಮ್ಮಂಥಾ ಮನಿ ಹೆಣಮಕ್ಕಳ ಮಾನ ಉಳದೈತಿ ನೋಡ,” ಎಂದಳು ಎಲ್ಲರಿಗಿಂತ ವಯಸ್ಸಾದವಳು. ಅದನ್ನು ಅವಳು ಹೊಗಳಿಕೆಯೆಂದೇ ಹೇಳಿದ್ದಳು.

ಪರಸವ್ವ ಲೋಟವನ್ನು ತುಟಿಗೆ ಹಚ್ಚಿ ಒಂದು ಹನಿ ಬಿಡದೆ ಕುಡಿದು ಕೆಳಗಿಟ್ಟಳು.

“ಕೇಳ್ರಿ. ಲಾಡ್ಜಿನ್ಯಾಗ ರೊಕ್ಕಕ್ಕ ಹೋಗತಿದ್ದೆ. ಅದು ನನ್ನ ದಂಧಿ. ಮೈಯಾಗ ಆರಾಮಿಲ್ಲಂದ್ರ, ಕುಡದ ಬಂದಾನಂದ್ರ, ವಲ್ಲೆ ಅಂತ ಬಾಗಲಾ ಹಾಕೋತಿದ್ದೆ. ಇಲ್ಲಿ ಜಾಮೀನಕ್ಕ ಅಂಜಿ ಹೋಗಾಕತ್ತೇನಿ. ಅದು ನನ್ನ ಹಣೇಬಾರ. ನಿಮ್ಮ ಮಾನದ ಮ್ಯಾಲ ಮುಚ್ಚಳ ಆಗಿ ಹೋಗಂದ್ರ, ಅದ್ಯಾವ ದಂಧಿ? ಅದರ ರೇಟ ನನಗ ಗೊತ್ತಿಲ್ಲ.”

“ಎಷ್ಟ ಬೇಕ ಹೇಳ,” ಎಂದಳು ಬೋರವ್ವ ತಕ್ಷಣ. “ಎಲ್ಲಾರೂ ಕೂಡಿಸಿ ಕೊಡತೀವಿ.”

ಪರಸವ್ವ ಅವಳ ಮುಖವನ್ನೇ ನೋಡಿದಳು.

“ಹಂಗಾರ ನೀನೂ ಗಿರಾಕೀನ ಆದಿ ಯಕ್ಕಾ.”

ಹೆಂಗಸರ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಕಸ್ತೂರಿ ಮಾತಾಡಿದಳು. “ಯವ್ವಾ, ಪರಸಕ್ಕನ್ನ ಯಾಕ ದಬ್ಬತಿ? ಯಾರೂ ಹೋಗೂದ ಬ್ಯಾಡ. ಬಿಟ್ಟ ಹೋಗೂಣ ನಡಿ.”

“ಬಾಯಿ ಮುಚ್ಚ ರಂಡಿ! ಹತ್ತ ಮನಿ ಒಲಿ ನಿನ್ನ ಸಲುವಾಗಿ ಆರಬೇಕೇನು?”

ಶೆಡ್ಡಿಗೆ ಬಂದ ಮೇಲೆ ಪರಸವ್ವನನ್ನು ಅಕ್ಕ ಎಂದು ಕರೆದವರು ಯಾರೂ ಇರಲಿಲ್ಲ. ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡು, ಸಂಗು ಕಾಸಿಟ್ಟಿದ್ದ ಚಾವನ್ನು ಕಪ್ಪಿಗೆ ಬಗ್ಗಿಸಿಕೊಂಡು ಖೋಲಿಗೆ ಹೋದಳು. ಹೋಗುವಾಗ ಯಾರನ್ನೂ ನೋಡಲಿಲ್ಲ.

ಒಳಗಿದ್ದದ್ದು ಸ್ವಲ್ಪವೇ ಹೊತ್ತು.

“ನಿನ್ನ ಯಾರ ಕರದ್ರಲೇ ಬೋಸುಡಿ?” ಎಂಬ ಕೂಗು ಕೇಳಿತು. ಕಪ್ಪು ಒಡೆದ ಸದ್ದು ಕೇಳಿತು. ಪರಸವ್ವ ಹೊರಗೆ ಬಂದಾಗ ಕುಪ್ಪಸದ ಮೇಲೆ ಚಾ ಇಳಿಯುತ್ತಿತ್ತು. ಕುತ್ತಿಗೆ ಕೆಂಪಗಾಗಿತ್ತು. ಹಿಂದೆಯೇ ಅಮರಪ್ಪ ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ನಿಂತ. ಗುಟ್ಟು ಎನ್ನುವುದು ಅವನಿಗೆ ಸಾಕಾಗಿತ್ತು.

“ಕಸ್ತೂರೀ, ಬಾ ಇಲ್ಲಿ. ಕಪ್ಪ ಒಡದೈತಿ, ಕಸಾ ಹೊಡಿ.”

ಕಸ್ತೂರಿ ಅವ್ವನನ್ನು ನೋಡಿದಳು. ಬೋರವ್ವ ನೆಲ ನೋಡುತ್ತಿದ್ದಳು. ಹುಡುಗಿ ಉಳಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಒಬ್ಬಳು ಬಲೆಯ ಮೇಲಿನ ಕಸ ಆರಿಸತೊಡಗಿದಳು. ಅಮರಪ್ಪ ಬಂದು ಮೊಣಕೈ ಹಿಡಿದುಕೊಂಡು ಒಯ್ದ. ಬಾಗಿಲು ಮುಚ್ಚಿತು.

ಗಾಳಿ ಎದ್ದದ್ದು ಆಗ. ಮೊದಲು ಹೊಲದ ಮಣ್ಣು ಬಂತು, ಹಿಂದೆಯೇ ಬಬಲೇಶ್ವರದ ಕಡೆಯಿಂದ ಮೋಡ. ತಗಡಿನ ಮೇಲೆ ನಾಲ್ಕು ಹನಿ ಬಿದ್ದವು.

“ಮಳಿ ಬಂತು! ತಾಡಪತ್ರಿ ಇಳಸ್ರಿ!” ಸಂಗು ಕೂಗಿದ.

ಒಣಗುವ ದ್ರಾಕ್ಷಿಗೆ ನೀರು ತಾಗಿದರೆ ಕಪ್ಪಾಗಿ ಬೂಸು ಹಿಡಿಯುತ್ತದೆ, ಕೊಳ್ಳುವವರಿಲ್ಲ. ಅದಕ್ಕೆಂದು ಶೆಡ್ಡಿನ ಎರಡೂ ಬದಿಯ ಉದ್ದಕ್ಕೆ ತಾಡಪತ್ರಿ ಸುರುಳಿ ಸುತ್ತಿ ಮೇಲೆ ಕಟ್ಟಿರುತ್ತಾರೆ. ಹಗ್ಗಕ್ಕೆ ಒಬ್ಬೊಬ್ಬಳು ನಿಂತು ಎಲ್ಲರೂ ಒಮ್ಮೆಗೇ ಸಡಿಲು ಬಿಡಬೇಕು. ಒಬ್ಬಳು ಬಿಡದಿದ್ದರೂ ಅದು ಸೊಟ್ಟಗೆ ಸಿಕ್ಕಿಕೊಂಡು ಗಾಳಿಗೆ ಹರಿಯುತ್ತದೆ. ಹೆಂಗಸರ ಕಾಲುಗಳು ರೂಢಿಯಂತೆ ಓಡಿದವು. ತಮ್ಮ ತಮ್ಮ ಹಗ್ಗದ ಗಂಟು ಬಿಚ್ಚಿ ಹಿಡಿದು ನಿಂತರು. ಪರಸವ್ವನೂ ತನ್ನ ಹಗ್ಗಕ್ಕೆ ಹೋದಳು.

“ಬಿಡ್ರಿ!” ಎಂದ ಸಂಗು.

ಪರಸವ್ವ ಬಿಡಲಿಲ್ಲ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು.

“ಏ ಪರಸೀ, ಬಿಡ! ತಲಿ ಕೆಟ್ಟೈತೇನು?”

“ಬಾಗಲಾ ತಗೀಲಿ. ಬಿಡತೀನಿ.”

ಸಂಗು ಓಡಿ ಬಂದು ಅವಳ ಕೆನ್ನೆಗೆ ಹೊಡೆದ. ಕೂದಲು ಹಿಡಿದು ಜಗ್ಗಿದ. ಅವಳು ಜಗ್ಗಿದ ಕಡೆ ವಾಲಿದಳು, ಕೈ ವಾಲಲಿಲ್ಲ. ಹಗ್ಗ ಚರ್ಮದೊಳಗೆ ಇಳಿಯಿತು. ಹನಿಗಳು ದಪ್ಪವಾಗಿ ಬೀಳತೊಡಗಿದವು.

“ಬೋರವ್ವಾ, ಹೇಳ ಈ ಸೂಳಿಗೆ!”

ಬೋರವ್ವ ಪಕ್ಕದ ಹಗ್ಗದಲ್ಲಿದ್ದಳು. ಅವಳ ಕಣ್ಣು ಮುಚ್ಚಿದ ಬಾಗಿಲ ಮೇಲಿತ್ತು. ಬಲಗೈಯನ್ನು ಹಗ್ಗದ ಸುತ್ತ ಒಂದು ಸಲ ತಿರುಗಿಸಿದಳು. ಅವಳಾಚೆಯವಳು ನೋಡಿದಳು, ಅವಳೂ ತಿರುಗಿಸಿದಳು. ಸಂಗು ಒಬ್ಬಳನ್ನು ಬಿಟ್ಟು ಇನ್ನೊಬ್ಬಳ ಕಡೆಗೆ ಓಡುತ್ತಿದ್ದ. ಅವನು ಈ ತುದಿ ಮುಟ್ಟುವಷ್ಟರಲ್ಲಿ ಆ ತುದಿಯ ಮುದುಕಿಯೂ ಸುತ್ತಿಕೊಂಡಿದ್ದಳು. ಹತ್ತು ಹೆಂಗಸರು ಶೆಡ್ಡಿನ ಎರಡು ಬದಿಗೆ ಕಟ್ಟಿದ ದನಗಳಂತೆ ನಿಂತಿದ್ದರು.

ಗಾಳಿ ಬಡಿದು ತಗಡು ಕಿರುಚಿತು. ಖೋಲಿಯ ಬಾಗಿಲು ತೆರೆಯಿತು. ಅಮರಪ್ಪ ಹೊರಗೆ ಬಂದದ್ದು ಯಾರ ಕೂಗಿಗೂ ಅಲ್ಲ, ಮಣೂಕಕ್ಕೆ.

“ಏನ ನೋಡಾಕತ್ತೀರಿ ಸೂಳಿ ಮಕ್ಕಳ್ರ್ಯಾ! ಇಳಸ್ರಿ!”

“ಹುಡಿಗೀನ ಹೊರಗ ಕಳಸ್ರಿ,” ಎಂದಳು ಪರಸವ್ವ.

“ಬಂದ್ಲ ತಗೊಳ್ಳವಾ! ಏ ಹುಡಿಗೀ, ಬಾ ಹೊರಗ!”

ಕಸ್ತೂರಿ ಬಂದಳು. ಒಂದು ಜಡೆ ಬಿಚ್ಚಿತ್ತು. ಎಡಗೈಯಲ್ಲಿ ಬಳೆ ಇರಲಿಲ್ಲ. ಬಲಗೈಯಲ್ಲಿ ಕಸಬರಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವ್ವನ ಹತ್ತಿರ ಬರಲಿಲ್ಲ. ಶೆಡ್ಡಿನ ನಡುವೆ ನಿಂತಳು.

“ಬಂದಳಲ್ಲ! ಇನ್ನ ಬಿಡ್ರಿ!” ಅಮರಪ್ಪ ಕೂಗಿದ.

ಪರಸವ್ವ ಬೋರವ್ವನ ಕಡೆ ತಿರುಗಿದಳು. ಹೆಂಗಸರೆಲ್ಲ ಬೋರವ್ವನ ಕಡೆಗೇ ನೋಡಿದರು. ಬೋರವ್ವ ಮಗಳ ಬರಿಗೈ ನೋಡುತ್ತಿದ್ದಳು.

“ಡಬಲ್ ಪಗಾರ ಕೊಡತೀನಿ ಬೋರವ್ವಾ! ಲಗ್ನಕ್ಕ ನಾ ಕೊಡತೀನಿ ರೊಕ್ಕಾ! ಬಿಡ ನಿನ್ನ ಕಾಲ ಬೀಳತೀನಿ!”

ಬೋರವ್ವ ಹಗ್ಗವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿದಳು.

ಮಳೆ ಅಡ್ಡ ಬಿತ್ತು. ಮೊದಲು ಅಂಚಿನ ಬಲೆಗಳು ತೊಯ್ದವು, ಆಮೇಲೆ ಒಳಗಿನವು. ಹಳದಿಯಿದ್ದ ದ್ರಾಕ್ಷಿಯಿಂದ ಜಿಗುಟು ನೀರು ಇಳಿದು ಹೆಂಗಸರ ತಲೆಯ ಮೇಲೆ, ಮುಖದ ಮೇಲೆ ಹರಿಯಿತು. ಅಮರಪ್ಪ ಒಂದೊಂದೇ ಹಗ್ಗಕ್ಕೆ ಓಡಿ ಬೆರಳು ಬಿಡಿಸಲು ನೋಡಿದ. ಒಬ್ಬಳ ಬೆರಳು ಬಿಡಿಸಿ ಮುಂದಿನವಳ ಕಡೆ ಓಡುವಷ್ಟರಲ್ಲಿ ಮೊದಲಿನವಳು ಮತ್ತೆ ಹಿಡಿಯುತ್ತಿದ್ದಳು. ಕೊನೆಗೆ ಅವನು ಕೆಸರಿನಲ್ಲಿ ಕೂತು ಮೊಬೈಲ್ ತೆಗೆದ.

ಹೋದದ್ದು ಇಷ್ಟು.

ಬಲೆಯ ಮೇಲಿದ್ದ ಆರು ಟನ್ ದ್ರಾಕ್ಷಿ. ಅದಕ್ಕೆ ಅಮರಪ್ಪ ಮಳೆಹಾನಿ ಎಂದು ಅರ್ಜಿ ಕೊಟ್ಟ. ಹನ್ನೊಂದು ಹೆಂಗಸರ ಮೂರು ವಾರದ ಕೂಲಿ. ಅದಕ್ಕೆ ಅರ್ಜಿ ಕೊಡುವ ಕಚೇರಿ ಯಾವುದೆಂದು ಯಾರೂ ಹೇಳಲಿಲ್ಲ. ಕಸ್ತೂರಿಯ ಒಂದು ಲಗ್ನ. ಗಂಡಿನ ಕಡೆಯವರು ಬಾಗಿಲು ಎಷ್ಟು ಹೊತ್ತು ಮುಚ್ಚಿತ್ತು ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು. ಪರಸವ್ವನ ಬಲಗೈ ಮಣಿಕಟ್ಟಿನ ಸುತ್ತ ಎರಡು ಬೆರಳಗಲದ ಚರ್ಮ. ಜಾಮೀನಿನ ವರ್ಷ ತುಂಬಲು ಬಾಕಿಯಿದ್ದ ಹತ್ತು ತಿಂಗಳು. ಅಮರಪ್ಪನ ಫೋನಿಗೆ ಮೇಡಂ ಕಾರು ಬಂತು, ಪರಸವ್ವ ಮತ್ತೆ ಬೀಗದೊಳಗೆ ಹೋದಳು.